ಸ್ವಂತ ವಿಶ್ವಾಸವೂ ಸಾರ್ವಜನಿಕ ಉದ್ಯೋಗವೂ

ಈ ಸ್ಮರಣ ಸಂಚಿಕೆಗೆ ಶಾಲೆಯ ವರದಿಯನ್ನಲ್ಲದೆ ಬೇರೊಂದು ಲೇಖನವನ್ನೂ ಬರೆದುಕೊಡಬೇಕೆಂದು ಸಂಚಿಕೆಯ ಮಂಡಲಿಯವರು ಕೇಳಿಕೊಂಡಾಗ, ವಿಷಯವನ್ನು ಹುಡುಕುವದಕ್ಕೆ ನಾನು ದೂರ ಹೋಗಬೇಕಾಗಲಿಲ್ಲ. ನಮ್ಮ ಹಳೆ ವಿದ್ಯಾರ್ಥಿನಿಯರು ಶಾಲೆಯನ್ನು ಬಿಟ್ಟು ಐದಾರು ವರುಷಗಳಾದ ಮೇಲೆ, ಒಂದು ಉದ್ಯೋಗಕ್ಕೆ ಸೇರಿ, ತಿರುಗಿ ನಮ್ಮನ್ನು ಕಾಣಲು ಬರುವದುಂಟು. ಸಂಬಳದ ಮಾತು, ಮದುವೆಯ ಮಾತು ಮುಗಿದ ತರುವಾಯ ಅವರು ಎತ್ತುವ ಪ್ರಶ್ನೆಯು ಹೆಚ್ಚುಕಡಿಮೆ ಒಂದೇ. "ಟೀಚರೇ, ನಾವು ಇಲ್ಲಿ ಪ್ರಾರ್ಥನೆ ಮಾಡಿ ದಿನವನ್ನು ಪ್ರಾರಂಭಿಸುತ್ತಿದ್ದೆವು. ಅಲ್ಲಿ ನಮ್ಮ ವಿಶ್ವಾಸದ ಮಾತನ್ನು ಎತ್ತುವದು ಸರಿಯೋ, ಎತ್ತದೆ ಇರುವದು ಸರಿಯೋ?" ಎಂದು ಕೇಳುತ್ತಾರೆ. ಕೇಳುವವರಲ್ಲಿ ದಾದಿಯರಿದ್ದಾರೆ, ಬ್ಯಾಂಕಿನ ಗುಮಾಸ್ತೆಯರಿದ್ದಾರೆ, ಸರಕಾರಿ ಶಾಲೆಯ ಉಪಾಧ್ಯಾಯಿನಿಯರಿದ್ದಾರೆ, ವಕೀಲರೂ ಇಬ್ಬರಿದ್ದಾರೆ. ಕೇಳುವ ರೀತಿ ಬೇರೆ ಬೇರೆಯಾದರೂ ಸಂಕಟವು ಒಂದೇ ಆಗಿರುವದು.

ಇದಕ್ಕೆ ಲೋಕದಲ್ಲಿ ಸಾಮಾನ್ಯವಾಗಿ ಸಿಕ್ಕುವ ಉತ್ತರಗಳು ಎರಡು. ವಿಶ್ವಾಸವೆಂಬದು ಮನೆಯ ಮಾತು, ದೇವಾಲಯದ ಮಾತು. ಕಚೇರಿಯ ಮೆಟ್ಟಲನ್ನು ಹತ್ತುವಾಗ ಅದನ್ನು ಪಾದರಕ್ಷೆಯ ಹಾಗೆ ಹೊರಗೆ ಬಿಟ್ಟುಬಿಡಬೇಕೆಂದು ಕೆಲವರು ಹೇಳುತ್ತಾರೆ. ಇನ್ನು ಕೆಲವರು, ಇವರು ಹೆಚ್ಚಾಗಿ ನಮ್ಮ ಸಭೆಗಳವರೇ, ಎಲ್ಲಿ ಹೋದರೂ ಬಾಯಿಬಿಟ್ಟು ಸಾಕ್ಷಿ ಹೇಳದವನು ಕರ್ತನನ್ನು ಅಲ್ಲಗಳೆದವನೇ ಎನ್ನುತ್ತಾರೆ. ಈ ಎರಡು ಉತ್ತರಗಳಿಂದಲೂ ನನಗೆ ಸಮಾಧಾನವಿಲ್ಲ. ಮೊದಲನೆಯದು ಆಗದ ಮಾತು. ಒಬ್ಬಳ ನೀತಿಯೂ ಧೈರ್ಯವೂ ಯಾವ ಬುಗ್ಗೆಯಿಂದ ಬರುತ್ತವೋ ಅದನ್ನು ಬಾಗಿಲಲ್ಲಿ ಬಿಟ್ಟು ಬಾ ಎಂದರೆ, ಒಳಕ್ಕೆ ಬರುವದು ಬರೀ ಕೈ ಮಾತ್ರ. ಎರಡನೆಯದು ಸುಲಭದ ಮಾತು. ಯಾಕಂದರೆ ಬಾಯಿ ಮಾತಾಡುವದು ಕೈ ಕೆಲಸ ಮಾಡುವದಕ್ಕಿಂತ ಯಾವಾಗಲೂ ಸುಲಭ.

ಈ ಪ್ರಶ್ನೆಯು ನಮ್ಮ ಮಂಗಳೂರಿಗೆ ಹೊಸದಲ್ಲ. ೧೮೩೪ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಈ ಪಟ್ಟಣಕ್ಕೆ ಬಂದರು. ಅವರು ಬಂದ ಸ್ವಲ್ಪ ಕಾಲದಲ್ಲಿಯೇ ಕಂಡ ಮೊದಲಿನ ದೊಡ್ಡ ತೊಡಕು ವೇದಾಂತದ್ದಲ್ಲ, ಅನ್ನದ್ದು. ಆಗಿನ ದಿನಗಳಲ್ಲಿ ದೀಕ್ಷಾಸ್ನಾನವನ್ನು ಹೊಂದಿದವನು ಜಾತಿಯನ್ನು ಮಾತ್ರವಲ್ಲ, ಅದರ ಕೂಡೆ ಕುಲಕಸುಬನ್ನೂ ಆಸರೆಯನ್ನೂ ಕಳಕೊಳ್ಳುತ್ತಿದ್ದನು. ಕಳ್ಳು ತೆಗೆಯುವ ಕಸುಬಿನವರಾಗಿದ್ದ ಅನೇಕರಿಗೆ ಆ ಕಸುಬನ್ನು ಮಿಶನಿನವರೇ ಬಿಡಿಸಿದರು. ಹೀಗೆ ಕೈ ಬರಿದಾದವರಿಗೆ ಬೇರೆ ಕೆಲಸ ಹುಟ್ಟಬೇಕಾಯಿತು. ೧೮೪೧ರಲ್ಲಿ ಅಚ್ಚುಕೂಟವು ಹುಟ್ಟಿತು. ನೇಯಿಗೆಯ ಮಗ್ಗಗಳು ಬಂದವು. ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ನೇತ್ರಾವತಿಯ ಜೇಡಿಮಣ್ಣಿನಿಂದ ಹಂಚು ಮಾಡುವ ಕಾರ್ಖಾನೆಯನ್ನು ಪ್ರಾರಂಭಿಸಿದರು. ಆ ಹಂಚು ಎಲ್ಲೆಲ್ಲಿಗೆ ಹೋಯಿತೆಂಬದನ್ನು ಮಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಶನರಿಗಳು ಊರು ಬಿಡಬೇಕಾಗಿ, ಆ ಕಾರ್ಖಾನೆಗಳು ೧೯೧೯ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ಕೈ ಸೇರಿದವು.

ನಾನು ಈ ಇತಿಹಾಸವನ್ನು ಹೊಗಳಿಕೆಗಾಗಿ ಎತ್ತಲಿಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಉದ್ಯೋಗವೂ ವಿಶ್ವಾಸವೂ ಒಂದೇ ಕಂಪೌಂಡಿನ ಒಳಗಿದ್ದವು ಎಂಬದನ್ನು ತೋರಿಸುವದಕ್ಕೆ ಎತ್ತಿದೆನು. ಕೆಲಸ ಕೊಡುವವರೂ ಮಿಶನಿನವರು, ಆರಾಧನೆ ನಡಿಸುವವರೂ ಮಿಶನಿನವರು, ಮಕ್ಕಳಿಗೆ ಓದು ಕಲಿಸುವವರೂ ಅವರೇ. ಇದರಿಂದ ಶಿಸ್ತು, ಸಮಯಪಾಲನೆ, ಲೆಕ್ಕದ ಶುದ್ಧತೆ ಮುಂತಾದ ಗುಣಗಳು ನಮ್ಮ ಜನರಲ್ಲಿ ಬೇರೂರಿದ್ದು ನಿಜ. ಆದರೆ ಹೊಟ್ಟೆಯೂ ಆತ್ಮವೂ ಒಂದೇ ಯಜಮಾನನ ಕೈಕೆಳಗೆ ಇದ್ದರೆ, ಒಬ್ಬನ ವಿಶ್ವಾಸವು ಅವನ ಸ್ವಂತದ್ದೋ ಸಂಬಳದ್ದೋ ಎಂದು ಅವನಿಗೇ ತಿಳಿಯದೆ ಹೋಗುವ ಅಪಾಯವಿದೆ. ಇಂದು ನಮ್ಮ ಹುಡುಗಿಯರು ಕಂಪೌಂಡಿನ ಹೊರಗೆ, ನಾನಾ ಮತದವರ ನಡುವೆ, ಸರಕಾರದ ಮತ್ತು ವ್ಯಾಪಾರಸ್ಥರ ಕೈಕೆಳಗೆ ದುಡಿಯುತ್ತಿದ್ದಾರೆ. ಇದು ವಿಶ್ವಾಸಕ್ಕೆ ನಷ್ಟವೆಂದು ಮುದುಕರು ಕೆಲವರು ನಿಟ್ಟುಸಿರು ಬಿಡುತ್ತಾರೆ. ನನಗೆ ಹಾಗೆ ತೋರುವದಿಲ್ಲ. ವಿಶ್ವಾಸವು ಸ್ವಂತದ್ದಾಗುವದಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ.

ಆ ಮಿಶನರಿಗಳೊಳಗೇ ಕೆಲವರು ತಮ್ಮ ಬೋಧನೆಯಿಂದ ಮಾತ್ರವಲ್ಲ, ತಮ್ಮ ವಿದ್ಯೆಯ ಪ್ರಾಮಾಣಿಕತೆಯಿಂದಲೂ ನೆನಪಿನಲ್ಲಿ ಉಳಿದರು. ೧೮೪೩ನೆಯ ಜುಲಾಯಿ ಒಂದರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗರು ೧೮೪೮ರಿಂದ ೧೮೫೩ರ ವರೆಗೆ ಇದೇ ಊರಿನಿಂದ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಮಾಲೆಯನ್ನು ಪ್ರಕಟಿಸಿದರು. ಅದರಲ್ಲಿ ಅಚ್ಚಾದದ್ದು ಏನು? ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು. ಬೇರೆ ಮತದ ಗ್ರಂಥಗಳನ್ನು, ತನ್ನ ಮತಕ್ಕೆ ಅನುಕೂಲವಾಗುವಂತೆ ತಿದ್ದದೆ, ಓಲೆಗರಿಯಲ್ಲಿ ಇದ್ದದ್ದನ್ನು ಇದ್ದಂತೆ ಜನರ ಕೈಗೆ ಕೊಡುವದು ಒಬ್ಬ ಸುವಾರ್ತಿಕನಿಗೆ ಸಣ್ಣ ಪರೀಕ್ಷೆಯಲ್ಲ. ಕಿಟ್ಟೆಲರೂ ಹಾಗೆಯೇ. ೧೮೫೩ರಲ್ಲಿ ಬಂದವರು ೧೮೭೨ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ, ೧೮೯೪ರಲ್ಲಿ ಆ ಮಹಾ ನಿಘಂಟನ್ನೂ ಕೊಟ್ಟರು. ನಿಘಂಟಿನಲ್ಲಿ ಒಂದು ಶಬ್ದದ ಅರ್ಥವನ್ನು ಬರೆಯುವಾಗ ಕ್ರೈಸ್ತನ ಅರ್ಥ, ಶೈವನ ಅರ್ಥ ಎಂಬ ಭೇದವಿಲ್ಲ. ಸರಿಯಾದ ಅರ್ಥ, ತಪ್ಪಾದ ಅರ್ಥ ಎಂಬ ಭೇದ ಮಾತ್ರ ಇದೆ. ಒಬ್ಬ ವಿಶ್ವಾಸಿಯು ತನ್ನ ಕಸುಬಿಗೆ ಸಲ್ಲಿಸಬೇಕಾದ ಮೊದಲಿನ ಋಣವು ಈ ಸರಿತನವೇ ಎಂದು ನನ್ನ ಅಭಿಪ್ರಾಯ.

ಆದರೆ ಅವರು ಪರದೇಶದವರು. ನಮ್ಮವರೇ ಆದ ಒಬ್ಬರನ್ನು ಹೇಳುವೆನು. ರೆವರೆಂಡ್ ಉತ್ತಂಗಿ ಚನ್ನಪ್ಪನವರು ಹುಟ್ಟಿದ್ದು ೧೮೮೧ರಲ್ಲಿ, ಧಾರವಾಡದಲ್ಲಿ. ಅವರು ಬಾಸೆಲ್ ಮಿಶನಿನ ಸಭಾಪಾಲಕರು. ಈ ಮನುಷ್ಯನು ಊರೂರು ಅಲೆದು, ರೈತರ ಬಾಯಿಂದಲೂ ಹಳೆ ಪ್ರತಿಗಳಿಂದಲೂ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ, ೧೯೨೪ರಲ್ಲಿ ಅಚ್ಚು ಹಾಕಿಸಿದನು. ಇಂದು ನಮ್ಮ ಪಾಠಪುಸ್ತಕಗಳಲ್ಲಿ ನಮ್ಮ ಮಕ್ಕಳು ಬಾಯಿಪಾಠ ಮಾಡುವ ಸರ್ವಜ್ಞನ ಹಿಂದೆ ಒಬ್ಬ ಪಾದ್ರಿಯ ಸವೆದ ಜೋಡುಗಳಿವೆ ಎಂಬದನ್ನು ಅವರು ತಿಳಿಯರು; ಉಪಾಧ್ಯಾಯಿನಿಯರಾದ ನಾವಾದರೂ ಹೇಳಬೇಕು. ಮುಂದೆ ಅವರು ಶಿವಶರಣರ ವಚನಗಳ ಅಭ್ಯಾಸದಲ್ಲಿಯೂ ಬಹಳ ವರುಷಗಳನ್ನು ಕಳೆದರು. ಹಾಗೆಂದು ಅವರು ತಮ್ಮ ವಿಶ್ವಾಸವನ್ನು ಅಡಗಿಸಿಟ್ಟವರೇ? ಇಲ್ಲ. 'ಬನಾರಸಕ್ಕೆ ಬೆತ್ಲೆಹೇಮಿನ ವಿಜ್ಞಾಪನೆ' ಎಂಬ ಪುಸ್ತಕವನ್ನು ಬರೆದು, ಕ್ರಿಸ್ತನ ವಿಷಯವಾದ ತಮ್ಮ ಮನಸ್ಸನ್ನು ಈ ದೇಶದ ಹಿಂದೂ ಬಾಂಧವರ ಮುಂದೆ ಮುಚ್ಚುಮರೆಯಿಲ್ಲದೆ ಇಟ್ಟವರೂ ಅವರೇ. ಹೆಸರನ್ನು ಗಮನಿಸಿರಿ: ಅದು ಆಜ್ಞೆಯಲ್ಲ, ವಾದವಲ್ಲ, ವಿಜ್ಞಾಪನೆ.

೧೯೪೯ರಲ್ಲಿ ಕಲಬುರಗಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನವು ಇದೇ ಸಭಾಪಾಲಕರನ್ನು ಅಧ್ಯಕ್ಷರನ್ನಾಗಿ ಆರಿಸಿತು. ನಿಜಾಮನ ಆಳಿಕೆಯು ಮುಗಿದು ಒಂದು ವರುಷವೂ ಸರಿಯಾಗಿ ಆಗಿರಲಿಲ್ಲ. ದೇಶವು ಮತದ ಹೆಸರಿನಲ್ಲಿ ಎರಡಾಗಿ ಹರಿದ ಗಾಯವು ಇನ್ನೂ ಹಸಿಯಾಗಿತ್ತು. ಅಂಥ ಹೊತ್ತಿನಲ್ಲಿ ಕನ್ನಡಿಗರು ತಮ್ಮ ಸಾಹಿತ್ಯದ ಪೀಠದಲ್ಲಿ ಒಬ್ಬ ಕ್ರೈಸ್ತ ಪಾದ್ರಿಯನ್ನು ಕುಳ್ಳಿರಿಸಿದರು. ಅವರು ಪಾದ್ರಿಯೆಂದು ಕುಳ್ಳಿರಿಸಲಿಲ್ಲ. ಪಾದ್ರಿಯೆಂದು ದೂರ ಮಾಡಲೂ ಇಲ್ಲ. ಇಷ್ಟೇ ಅಲ್ಲವೇ ಒಬ್ಬ ಉದ್ಯೋಗಸ್ಥ ಕ್ರೈಸ್ತಳು ತನ್ನ ದೇಶದಿಂದ ಅಪೇಕ್ಷಿಸತಕ್ಕದ್ದು? ಅದನ್ನು ಸಂಪಾದಿಸುವದಕ್ಕೆ ಅವರಿಗೆ ಎಷ್ಟು ಸಂಸ್ಥಾನ, ಎಷ್ಟು ಹಳ್ಳಿ ತಿರುಗಬೇಕಾಯಿತು ಎಂಬದನ್ನೂ ಮರೆಯಬಾರದು.

ಆ ವರುಷಗಳಲ್ಲಿಯೇ ದಿಲ್ಲಿಯಲ್ಲಿ ಸಂವಿಧಾನವನ್ನು ಬರೆಯುತ್ತಿದ್ದರು. ಆ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಒಬ್ಬರು ಇದ್ದರು, ಯೇಸುಸಭೆಯ ಫಾದರ್ ಜೆರೋಮ್ ಡಿ'ಸೋಜರು. ಅವರ ಸಭೆ ಬೇರೆ, ನಮ್ಮ ಸಭೆ ಬೇರೆ. ಈ ಪುಟಗಳಲ್ಲಿ ರೋಮನ್ ಕಥೋಲಿಕರ ಹೆಸರನ್ನು ಆದರದಿಂದ ಎತ್ತುವದಕ್ಕೆ ಐವತ್ತು ವರುಷಗಳ ಹಿಂದೆ ಯಾರಾದರೂ ಹುಬ್ಬು ಗಂಟಿಕ್ಕುತ್ತಿದ್ದರೇನೋ, ಈಗ ಆ ಕಾಲ ಹೋಯಿತು. ಶಾಸನ ಸಭೆಗಳಲ್ಲಿ ಮತದ ಆಧಾರದ ಮೇಲೆ ಮೀಸಲಾದ ಸ್ಥಾನಗಳು ತಮಗೆ ಬೇಡವೆಂದು ಕ್ರೈಸ್ತ ಪ್ರತಿನಿಧಿಗಳು ಒಪ್ಪಿದ್ದು ನಮ್ಮ ಚರಿತ್ರೆಯ ಒಂದು ದೊಡ್ಡ ಸಂಗತಿ. ತಮ್ಮವರು ತಮ್ಮವರಿಗೆ ಮಾತ್ರ ಮತ ಕೊಡುವ ಬೇಲಿಯೊಳಗಿಂದ ಹೊರಗೆ ಬಂದು, ನೆರೆಯವನ ನಂಬಿಕೆಯನ್ನು ದುಡಿದು ಗಳಿಸುತ್ತೇವೆಂದು ಅವರು ಹೇಳಿದ ಹಾಗಾಯಿತು. ಅದರ ಎದುರು ಸಂವಿಧಾನವು ೨೫ನೆಯ ಅನುಚ್ಛೇದದಲ್ಲಿ ಮತವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿತು. ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳಿಗೆ ಅದು ಒಳಪಟ್ಟದ್ದು. ೩೦ನೆಯದರಲ್ಲಿ ನಮ್ಮಂಥ ಶಾಲೆಗಳನ್ನು ಸ್ಥಾಪಿಸಿ ನಡಿಸುವ ಹಕ್ಕನ್ನು ಅಲ್ಪಸಂಖ್ಯಾತರಿಗೆ ಕೊಟ್ಟಿತು. ಇವೆರಡನ್ನು ನಮ್ಮವರು ಭಾಷಣಗಳಲ್ಲಿ ಚೆನ್ನಾಗಿ ಹೇಳುತ್ತಾರೆ. ನಡುವಣ ೨೮ನೆಯದನ್ನು ಹೇಳುವವರು ಕಡಿಮೆ. ಸರಕಾರದ ಮಾನ್ಯತೆಯನ್ನಾಗಲಿ ಧನಸಹಾಯವನ್ನಾಗಲಿ ಹೊಂದಿದ ಶಾಲೆಯಲ್ಲಿ ಓದುವ ಯಾರನ್ನೂ, ಅವರು ಅಪ್ರಾಪ್ತ ವಯಸ್ಕರಾದರೆ ಪೋಷಕರ ಸಮ್ಮತಿಯಿಲ್ಲದೆ, ಮತಬೋಧೆಯಲ್ಲಿಯೂ ಆರಾಧನೆಯಲ್ಲಿಯೂ ಭಾಗವಹಿಸುವಂತೆ ಒತ್ತಾಯಿಸಬಾರದೆಂದು ಅದು ವಿಧಿಸುತ್ತದೆ. ಮಿಶನ್ ಶಾಲೆಯ ಮುಖ್ಯೋಪಾಧ್ಯಾಯಿನಿಯಾದ ನಾನು ಈ ಮೂರನ್ನೂ ಒಟ್ಟಿಗೆ ಓದುತ್ತೇನೆ. ೨೮ನೆಯದು ನಮ್ಮ ಕೈ ಕಟ್ಟುವ ಹಗ್ಗವೆಂದು ನನಗೆ ಕಾಣುವದಿಲ್ಲ.

ಯಾಕೆಂದು ಹೇಳುವೆನು. ತರಗತಿಯ ಕೋಣೆಯಲ್ಲಿ ಉಪಾಧ್ಯಾಯಿನಿಗೆ ಅಧಿಕಾರವಿದೆ. ಅಂಕ ಕೊಡುವವಳು ಅವಳು. ಹೊಗಳುವವಳು, ಗದರಿಸುವವಳು, ಸರ್ಟಿಫಿಕೇಟಿಗೆ ಬರೆಯುವವಳು ಅವಳು. ಹನ್ನೆರಡು ವರುಷದ ಹುಡುಗಿಗೆ ಅವಳ ಮುಖದಲ್ಲಿ ಕಾಣುವ ಒಂದು ಮೆಚ್ಚಿಕೆಯು ದೊಡ್ಡ ಸಂಬಳ. ಇಂಥ ಅಧಿಕಾರವುಳ್ಳ ಬಾಯಿಂದ ಬರುವ ಆಹ್ವಾನವು ಪೂರ್ತಿಯಾಗಿ ಆಹ್ವಾನವಲ್ಲ. ಅದರಲ್ಲಿ ಅಪ್ಪಣೆಯ ಕಲಬೆರಕೆ ಇದ್ದೇ ಇರುತ್ತದೆ. ಕರ್ತನು ಬೆಸ್ತರನ್ನು ಕರೆದಾಗ ಅವರ ದೋಣಿಯು ಅವನದಾಗಿರಲಿಲ್ಲ, ಅವರ ಸಾಲಪತ್ರವು ಅವನ ಕೈಯಲ್ಲಿರಲಿಲ್ಲ. ಐಶ್ವರ್ಯವಂತನಾದ ಯೌವನಸ್ಥನು ದುಃಖಪಟ್ಟು ಹೊರಟುಹೋದಾಗ ಹೋಗುವದಕ್ಕೆ ಬಿಟ್ಟನು. ಆದಕಾರಣ ಪಾಠದ ಹೊತ್ತಿನಲ್ಲಿ ಇತಿಹಾಸವನ್ನು ಇತಿಹಾಸವಾಗಿಯೂ, ಪದ್ಯವನ್ನು ಪದ್ಯವಾಗಿಯೂ ಕಲಿಸಬೇಕು. ಮತ್ತೊಬ್ಬರ ದೇವರ ವಿಷಯದಲ್ಲಿ ಹಗುರವಾದ ಮಾತು ಕ್ರೈಸ್ತ ಉಪಾಧ್ಯಾಯಿನಿಯ ಬಾಯಿಂದ ಬರಕೂಡದು; ಕಾನೂನಿಗೆ ಹೆದರಿ ಅಲ್ಲ, ಅದು ಅಸಭ್ಯತೆಯೂ ಸುಳ್ಳುಸಾಕ್ಷಿಯೂ ಆಗಿರುವದರಿಂದ.

೨೦೨೪ರ ಫೆಬ್ರವರಿಯಲ್ಲಿ ನಮ್ಮ ಪಟ್ಟಣದ ಒಂದು ಕ್ರೈಸ್ತ ಶಾಲೆಯಲ್ಲಿ ಪಾಠದ ನಡುವೆ ಹೀಗೆ ಮಾತಾಡಿದರೆಂಬ ಆಪಾದನೆ ಬಂದು, ಗೇಟಿನ ಮುಂದೆ ಜನ ಕೂಡಿ ಘೋಷಿಸಿದ್ದೂ, ಉಪಾಧ್ಯಾಯಿನಿಯನ್ನು ಕೆಲಸದಿಂದ ತೆಗೆದದ್ದೂ ಈ ಪುಟವನ್ನು ಓದುವ ಎಲ್ಲರಿಗೂ ಗೊತ್ತು. ಆ ವಿಷಯದ ಸತ್ಯಾಸತ್ಯವನ್ನು ತೀರ್ಮಾನಿಸುವವಳು ನಾನಲ್ಲ. ಆದರೆ ಮೊಬೈಲಿನ ಒಂದು ಧ್ವನಿಸಂದೇಶವು ಸಾಯಂಕಾಲದೊಳಗೆ ಊರನ್ನೆಲ್ಲಾ ಸುತ್ತುವದೆಂದೂ, ವಿಚಾರಣೆಯು ಕಾಲ್ನಡಿಗೆಯಲ್ಲಿ ಅದರ ಹಿಂದೆ ಬರುವದೆಂದೂ ಆ ವಾರದಲ್ಲಿ ಪ್ರತಿಯೊಬ್ಬ ಉಪಾಧ್ಯಾಯಿನಿಯೂ ಕಂಡುಕೊಂಡಳು. ಆಗ ನಮ್ಮಲ್ಲಿ ಕೆಲವರು, ಇನ್ನು ಮೇಲೆ ಪುಸ್ತಕದಲ್ಲಿ ಇದ್ದದ್ದನ್ನು ಓದಿ ಹೇಳಿ ಸುಮ್ಮಗಿರುವದೇ ಕ್ಷೇಮ ಎಂದರು. ಭಯದಿಂದ ಕಲಿಸುವವಳ ಮುಂದೆ ಕೂತ ಮಕ್ಕಳು ಭಯವನ್ನೇ ಕಲಿಯುತ್ತಾರೆ. ಪೋಷಕರಾದ ತಮ್ಮಲ್ಲಿ ನನ್ನ ಬಿನ್ನಹವು ಇಷ್ಟು: ಮಗಳು ಮನೆಗೆ ಬಂದು ಹೇಳಿದ ಮಾತು ತಮ್ಮ ಮನಸ್ಸನ್ನು ನೋಯಿಸಿದರೆ ಮೊದಲು ಶಾಲೆಗೆ ಬನ್ನಿರಿ. ಎದುರಿಗೆ ಕುರ್ಚಿ ಹಾಕಿಸಿ, ಉಪಾಧ್ಯಾಯಿನಿಯನ್ನೂ ಕರೆಯಿಸಿ, ತಮ್ಮ ಮಾತನ್ನು ಪೂರ್ತಿಯಾಗಿ ಕೇಳುವೆವು.

ಆಸ್ಪತ್ರೆಯ ಮಾತಿಗೆ ಬರೋಣ. ಯಾಕಂದರೆ ನಮ್ಮ ಹಳೆ ವಿದ್ಯಾರ್ಥಿನಿಯರಲ್ಲಿ ದಾದಿಯರು ಬಹಳ. ಕಂಕನಾಡಿಯಲ್ಲಿ ಫಾದರ್ ಮುಲ್ಲರರು ೧೮೮೦ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲಾರಂಭಿಸಿ, ಹತ್ತು ವರುಷಗಳ ಮೇಲೆ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಉಡುಪಿಯಲ್ಲಿ ೧೯೨೩ರಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಎಂಬ ಸ್ವಿಸ್ ಮಹಿಳೆಯು ಸ್ಥಾಪಿಸಿದ ಮಿಶನ್ ಆಸ್ಪತ್ರೆಯಲ್ಲಿ ಹುಟ್ಟಿದವರು ನಮ್ಮ ಪೋಷಕರಲ್ಲಿ ಎಷ್ಟು ಜನರೋ. ಆ ಆಸ್ಪತ್ರೆಗಳ ಬಾಗಿಲಲ್ಲಿ ಯಾರ ಮತವನ್ನೂ ಕೇಳಲಿಲ್ಲ. ನೆರವು ಕ್ರೈಸ್ತರ ಗುತ್ತಿಗೆಯೆಂದು ಯಾರೂ ತಿಳಿಯಬಾರದು. ಇದೇ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆಗಳನ್ನು ತೆರೆದು, ಸ್ವಜನರ ಬಹಿಷ್ಕಾರವನ್ನು ಸಹಿಸಿದ ಕುದ್ಮುಲ್ ರಂಗರಾಯರು ಕ್ರೈಸ್ತರಲ್ಲ, ಬ್ರಹ್ಮಸಮಾಜದವರು.

ಒಬ್ಬ ದಾದಿಯು ನನ್ನನ್ನು ಕೇಳಿದಳು: "ರಾತ್ರಿ ಪಾಳಿಯಲ್ಲಿ ನೋವಿನಿಂದ ಅಳುವ ರೋಗಿಯ ಹತ್ತಿರ ನಾನು ಯೇಸುವಿನ ಹೆಸರಿನಲ್ಲಿ ಪ್ರಾರ್ಥಿಸಬಹುದೇ?" ನೀನು ಮನಸ್ಸಿನಲ್ಲಿ ಪ್ರಾರ್ಥಿಸುವದಕ್ಕೆ ಯಾರ ಅಪ್ಪಣೆ ಬೇಕು, ಅವಳ ಕಿವಿಯಲ್ಲಿ ಪ್ರಾರ್ಥಿಸುವದಕ್ಕೆ ಅವಳ ಅಪ್ಪಣೆ ಬೇಕು ಎಂದೆನು. ಹಾಸಿಗೆಯಿಂದ ಏಳಲಾರದವಳು ಎದ್ದುಹೋಗಲಾರಳು. ಅವಳಾಗಿ ಕೇಳಿದರೆ ಸಂಕೋಚಪಡದೆ ಪ್ರಾರ್ಥಿಸು. ಕೇಳದಿದ್ದರೆ ಅವಳ ನೀರಿನ ಲೋಟವನ್ನು ಕೈಗೆ ಎಟಕುವಲ್ಲಿ ಇಡು, ಮಗ್ಗಲು ಬದಲಿಸಿ ಬೆನ್ನು ಒರೆಸು. ಬೇರೆ ಮತದ ಪ್ರಚಾರಕ್ಕೆ ಕಾನೂನಿನ ತಡೆಯಿರುವ ಕೊಲ್ಲಿ ರಾಜ್ಯಗಳಲ್ಲಿ ನಮ್ಮ ಎಷ್ಟೋ ಹುಡುಗಿಯರು ವರುಷಗಟ್ಟಲೆ ದುಡಿಯುತ್ತಾರೆ. ಅಲ್ಲಿ ಬಾಯಿಮಾತಿನ ಸಾಕ್ಷಿಗೆ ಎಡೆಯೇ ಇಲ್ಲ. ಹಾಗಾದರೆ ಅವರು ವಿಶ್ವಾಸವಿಲ್ಲದೆ ಬದುಕುತ್ತಾರೆಯೇ? ರಜೆಯಲ್ಲಿ ಬಂದವರ ಮುಖವನ್ನು ನೋಡಿದರೆ ಹಾಗೆ ಕಾಣುವದಿಲ್ಲ.

ಇನ್ನು ಕಚೇರಿ. ಇಲ್ಲಿ ಪ್ರಶ್ನೆಯು ಮತಪ್ರಚಾರದ್ದಲ್ಲ, ಹಣದ್ದು. ಕಾಗದಪತ್ರಗಳ ಕಚೇರಿಯೊಂದರಲ್ಲಿ ಕೆಲಸ ಮಾಡುವ ಹಳೆ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಊರನ್ನೂ ಇಲಾಖೆಯನ್ನೂ ಹೇಳುವದಿಲ್ಲ. ಸಾಯಂಕಾಲ ಮೇಜಿನ ಖಾನೆಯಲ್ಲಿ ಕೂಡುವ ಹಣವನ್ನು ಎಲ್ಲರಿಗೂ ಪಾಲು ಮಾಡುವ ವಾಡಿಕೆ ಅಲ್ಲಿತ್ತು. ಇವಳು ತನ್ನ ಪಾಲನ್ನು ಬೇಡವೆಂದಳು. ಮೊದಲು ನಗೆಯಾಡಿದರು, ಆಮೇಲೆ ಸಂಶಯಪಟ್ಟರು, ಆಮೇಲೆ ದೂರದ ಊರಿಗೆ ವರ್ಗವಾಯಿತು. ಅವಳು ತನ್ನ ಮೇಜಿನ ಮೇಲೆ ಶಿಲುಬೆಯನ್ನು ಇಟ್ಟವಳಲ್ಲ, ಯಾರಿಗೂ ಸತ್ಯವೇದದ ವಾಕ್ಯ ಹೇಳಿದವಳಲ್ಲ. ಆದರೆ ಆ ಕಚೇರಿಯಲ್ಲಿ ಕ್ರೈಸ್ತಳೆಂದು ಯಾರಿಗೆ ಹೆಸರು ಬಂತೆಂದು ಕೇಳಿದರೆ ಅವಳಿಗೇ. ಅದೇ ಕಟ್ಟಡದಲ್ಲಿ ಮೇಜಿನ ಗಾಜಿನ ಕೆಳಗೆ ವಾಕ್ಯದ ಕಾರ್ಡುಗಳನ್ನು ಸಾಲಾಗಿ ಇಟ್ಟುಕೊಂಡು ಪಾಲನ್ನೂ ತೆಗೆದುಕೊಳ್ಳುತ್ತಿದ್ದ ಇನ್ನೊಬ್ಬ ಮಹಾಶಯರಿದ್ದರಂತೆ. ಅವರ ವಿಷಯವಾಗಿ ನಾನು ಹೆಚ್ಚು ಬರೆಯಲಾರೆನು.

ಇಂಥ ಹೊತ್ತಿನಲ್ಲಿ ನನಗೆ ದಾನಿಯೇಲನ ಚರಿತ್ರೆಯು ಬಹಳ ಉಪಯೋಗಕ್ಕೆ ಬರುತ್ತದೆ. ನಮ್ಮ ಭಾನುವಾರದ ಶಾಲೆಯಲ್ಲಿ ಸಿಂಹಗಳ ಗವಿಯಿಂದಲೇ ಕಥೆಯನ್ನು ಪ್ರಾರಂಭಿಸುತ್ತೇವೆ, ಮಕ್ಕಳಿಗೆ ಸಿಂಹಗಳೆಂದರೆ ಇಷ್ಟ. ಆದರೆ ಅದಕ್ಕೆ ಮೊದಲೇ ಒಂದು ಸಂಗತಿ ನಡೆಯಿತು. ಅವನನ್ನು ಕೆಡಹಬೇಕೆಂದು ಹೊಂಚುಹಾಕಿದವರು ಮೊದಲು ಅವನ ಕಚೇರಿಯ ಕೆಲಸದಲ್ಲಿ ತಪ್ಪು ಹುಡುಕಿದರು, ಒಂದೂ ಸಿಕ್ಕಲಿಲ್ಲ. ಅನಂತರವೇ ಅವನ ಪ್ರಾರ್ಥನೆಯನ್ನು ಅಪರಾಧವನ್ನಾಗಿ ಮಾಡುವ ನಿಬಂಧನೆಯನ್ನು ಬರೆಯಿಸಬೇಕಾಯಿತು. ಅವನು ಅನ್ಯರಾಜನ ಸೇವಕ; ಕಸ್ದೀಯರ ಭಾಷೆಯನ್ನೂ ವಿದ್ಯೆಯನ್ನೂ ತಪ್ಪಿಲ್ಲದೆ ಕಲಿತವನು; ಪರದೇಶದ ಹೆಸರನ್ನೂ ಹೊತ್ತವನು. ಇಷ್ಟಕ್ಕೆಲ್ಲಾ ಒಪ್ಪಿದವನು ಊಟದ ವಿಷಯದಲ್ಲಿ ಮಾತ್ರ ವಿನಯದಿಂದ ಬೇರೆ ದಾರಿ ಕೇಳಿಕೊಂಡನು, ಪ್ರಾರ್ಥನೆಯ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. ಬಾಗಿಲು ಮುಚ್ಚಿ ಪ್ರಾರ್ಥಿಸಬೇಕೆಂದು ಕರ್ತನು ಕಲಿಸಿದನು. ದಾನಿಯೇಲನಾದರೋ ಕಿಟಕಿ ತೆರೆದು ಪ್ರಾರ್ಥಿಸಿದನು. ಇವೆರಡರಲ್ಲಿ ವಿರೋಧವಿಲ್ಲ. ಹೊಗಳಿಕೆ ಸಿಕ್ಕುವ ಕಡೆಯಲ್ಲಿ ಬಾಗಿಲನ್ನು ಮುಚ್ಚಬೇಕು. ಹೆದರಿಸುವ ಕಡೆಯಲ್ಲಿ ಯಾವಾಗಲೂ ತೆರೆದಿರುವ ಕಿಟಕಿಯನ್ನು ಮುಚ್ಚಬಾರದು.

ಪ್ರತಿ ವರುಷ ನವರಾತ್ರಿಯ ಕಾಲದಲ್ಲಿ ಬರುವ ಪ್ರಶ್ನೆಯೊಂದುಂಟು: ಕಚೇರಿಯ ಆಯುಧಪೂಜೆಯಲ್ಲಿ ಕ್ರೈಸ್ತ ನೌಕರಳು ಏನು ಮಾಡಬೇಕು? ಹೆದರಿ ಆ ದಿನ ರಜೆ ಹಾಕುವವರಿದ್ದಾರೆ. ನನಗೆ ಅದು ಸರಿಕಾಣುವದಿಲ್ಲ. ಹತ್ತು ತಿಂಗಳು ಜೊತೆಯಲ್ಲಿ ಕೂತು ಬುತ್ತಿ ಹಂಚಿ ಉಂಡವರು ಹೂವು ಕಟ್ಟುವಾಗ ಒಬ್ಬಳು ಮಾತ್ರ ಕಾಣೆಯಾದರೆ, ಅವರು ಅದನ್ನು ಭಕ್ತಿಯೆಂದು ತಿಳಿಯರು, ತಿರಸ್ಕಾರವೆಂದು ತಿಳಿಯುವರು. ಹೋಗು, ಕಸ ಗುಡಿಸುವದಕ್ಕೂ ಕುರ್ಚಿ ಸರಿಸುವದಕ್ಕೂ ಸೇರು. ಅವರು ಆರತಿ ಎತ್ತುವಾಗ ಗೌರವದಿಂದ ನಿಲ್ಲು. ನೀನೇ ಆರತಿ ಎತ್ತಬೇಕೆಂದರೆ, ನನ್ನ ದೇವರಿಗೆ ನಾನು ಬೇರೆ ರೀತಿಯಲ್ಲಿ ವಂದಿಸುತ್ತೇನೆಂದು ನಗುಮುಖದಿಂದ ಹೇಳು. ಹಾಗೆ ಹೇಳಿದ್ದಕ್ಕೆ ಮುನಿದವರನ್ನು ನಾನು ಬಹಳ ಕಡಿಮೆ ಕಂಡಿದ್ದೇನೆ. ಪಂಚಕಜ್ಜಾಯದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಭಿನ್ನಾಭಿಪ್ರಾಯ ಇದ್ದೇ ಇದೆ, ಕೊರಿಂಥದ ಸಭೆಯಲ್ಲಿಯೂ ಇತ್ತು. ಪ್ರೀತಿಯಿಂದ ಕೊಟ್ಟದ್ದನ್ನು ಸ್ತೋತ್ರ ಹೇಳಿ ತಿನ್ನುವವಳು ತಿನ್ನಲಿ. ಮನಸ್ಸಾಕ್ಷಿ ಒಪ್ಪದವಳು ಪಕ್ಕದವಳಿಗೆ ಕೊಡಲಿ. ತಿಂದವಳು ತಿನ್ನದವಳನ್ನು ಹಾಸ್ಯಮಾಡದಿರಲಿ, ತಿನ್ನದವಳು ಸಾಯಂಕಾಲ ಬೋಧಕರ ಮನೆಗೆ ಹೋಗಿ ಚಾಡಿ ಹೇಳದಿರಲಿ.

ಮನಸ್ಸಾಕ್ಷಿಯ ವಿಷಯದಲ್ಲಿ ನೆರೆಯ ಕೇರಳದ ಒಂದು ಮೊಕದ್ದಮೆಯನ್ನು ಉಪಾಧ್ಯಾಯರೆಲ್ಲರೂ ತಿಳಿದಿರಬೇಕು. ೧೯೮೫ರಲ್ಲಿ ಯೆಹೋವನ ಸಾಕ್ಷಿಗಳೆಂಬ ಪಂಗಡದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಎದ್ದು ಗೌರವದಿಂದ ನಿಂತರು, ಆದರೆ ಹಾಡಲಿಲ್ಲ. ಅದಕ್ಕಾಗಿ ಅವರನ್ನು ಶಾಲೆಯಿಂದ ಹೊರಗೆ ಹಾಕಿದರು. ೧೯೮೬ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹಾಗೆ ಹೊರಗೆ ಹಾಕಿದ್ದು ಅವರ ಮನಸ್ಸಾಕ್ಷಿಯ ಸ್ವಾತಂತ್ರ್ಯಕ್ಕೆ ಭಂಗವೆಂದು ತೀರ್ಪು ಕೊಟ್ಟು, ತಿರುಗಿ ಸೇರಿಸಿಕೊಳ್ಳಬೇಕೆಂದು ವಿಧಿಸಿತು. ಆ ಪಂಗಡದ ಬೋಧನೆಯನ್ನು ನಾನು ಒಪ್ಪುವವಳಲ್ಲ. ನಮ್ಮ ಅಂಗಳದಲ್ಲಿ ರಾಷ್ಟ್ರಗೀತೆಯನ್ನು ಪೂರ್ಣ ಕಂಠದಿಂದ ಹಾಡುತ್ತೇವೆ, ಶ್ರುತಿ ತಪ್ಪಿದರೆ ಸಂಗೀತದ ಟೀಚರು ತಿರುಗಿ ಹಾಡಿಸುತ್ತಾರೆ. ಆದರೆ ನಾನು ಒಪ್ಪದ ಮನಸ್ಸಾಕ್ಷಿಗೂ ಸಿಕ್ಕಿದ ಈ ರಕ್ಷಣೆಯು ನನ್ನ ಮನಸ್ಸಾಕ್ಷಿಗೂ ಗೋಡೆಯ ಹಾಗಿದೆ. ನಮ್ಮ ಶಾಲೆಯಲ್ಲಿ ಶುಕ್ರವಾರ ಉಪವಾಸವಿರುವ ಹುಡುಗಿಗೆ, ಹಣೆಯ ಬೊಟ್ಟನ್ನು ಅಳಿಸದೆ ಬರುವ ಹುಡುಗಿಗೆ, ರಂಜಾನಿನ ತಿಂಗಳಲ್ಲಿ ಆಟದ ಪೀರಿಯಡಿಗೆ ನೆರಳಿನಲ್ಲಿ ಕೂತಿರುತ್ತೇನೆನ್ನುವ ಹುಡುಗಿಗೆ ನಾವು ಅದೇ ಗೋಡೆಯ ಆಸರೆಯನ್ನು ಕೊಡದಿದ್ದರೆ, ನಮಗೋಸ್ಕರ ಅದನ್ನು ಕೇಳುವದಕ್ಕೆ ಮುಖವೆಲ್ಲಿ?

ಕರ್ತವ್ಯಕ್ಕೂ ಆರಾಧನೆಗೂ ನೇರವಾಗಿ ಡಿಕ್ಕಿಯಾಗುವದೂ ಉಂಟು. ೨೦೧೯ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಜಿಲ್ಲೆಯ ಮತದಾನವು ಏಪ್ರಿಲ್ ೧೮ರಂದು, ಅಂದರೆ ಶುಭ ಶುಕ್ರವಾರದ ಹಿಂದಿನ ಪವಿತ್ರ ಗುರುವಾರದಂದೇ ಬಿತ್ತು. ಮತಗಟ್ಟೆಯ ಕೆಲಸಕ್ಕೆ ನೇಮಕವಾದ ಉಪಾಧ್ಯಾಯಿನಿಯರು ಹಿಂದಿನ ದಿನವೇ ಯಂತ್ರಗಳನ್ನು ಪಡಕೊಂಡು ಮತಗಟ್ಟೆಗೆ ಹೋಗಿ, ಮರುದಿನ ಮತದಾನ ಮುಗಿಸಿ, ಯಂತ್ರಗಳನ್ನು ಒಪ್ಪಿಸಿ ಮನೆ ಸೇರುವಾಗ ಎಷ್ಟು ಹೊತ್ತಾಗುವದೆಂದು ಆ ಕೆಲಸ ಮಾಡಿದವರಿಗೇ ಗೊತ್ತು. ಕರ್ತನ ರಾತ್ರಿಭೋಜನದ ಆರಾಧನೆಯು ತಪ್ಪಿತೆಂದು ನಮ್ಮವರಲ್ಲಿ ಕೆಲವರು ಕಣ್ಣೀರಿಟ್ಟರು. ತಿಥಿಯ ಬದಲಾವಣೆಗೆ ಮನವಿ ಮಾಡಬೇಕಾಗಿತ್ತೆಂದು ಕೆಲವರು ಕೋಪಿಸಿದರು. ಮನವಿ ಮಾಡುವದು ಪ್ರಜೆಯ ಹಕ್ಕು, ಅದರಲ್ಲಿ ತಪ್ಪಿಲ್ಲ. ಆದರೆ ಆದೇಶ ಬಂದ ಮೇಲೆ ಮತಗಟ್ಟೆಗೆ ಹೋದವರು ಸರಿಯಾಗಿಯೇ ಮಾಡಿದರೆಂದು ನಾನು ಆಗಲೂ ಹೇಳಿದೆನು, ಈಗಲೂ ಹೇಳುವೆನು. ಆ ರಾತ್ರಿಯಲ್ಲಿ ಕರ್ತನು ರೊಟ್ಟಿ ಮುರಿದದ್ದನ್ನು ಮಾತ್ರ ನೆನೆಯುತ್ತೇವೆ. ಸೊಂಟಕ್ಕೆ ಅಂಗವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದದ್ದೂ ಅದೇ ರಾತ್ರಿಯಲ್ಲಿಯೇ. ಹೆಸರು ಹುಡುಕಲು ತಡವರಿಸುವ ಮುದುಕಿಯ ಕೈ ಹಿಡಿದು ಮತಯಂತ್ರದ ತನಕ ದಾರಿ ತೋರಿಸಿದವಳು ಆ ಆರಾಧನೆಯ ಒಂದು ಭಾಗವನ್ನಾದರೂ ತಪ್ಪಿಸಿಕೊಳ್ಳಲಿಲ್ಲ.

ಕೊನೆಗೆ ಪೋಷಕರಿಗೆ ಎರಡು ಮಾತು. ನಮ್ಮ ಕ್ರೈಸ್ತ ಪೋಷಕರಲ್ಲಿ ಕೆಲವರು, ಶಾಲೆಯು ಹಿಂದಿನಂತೆ ಕ್ರೈಸ್ತ ಶಾಲೆಯಾಗಿ ಉಳಿಯಲಿಲ್ಲ, ಎಲ್ಲರನ್ನೂ ಮೆಚ್ಚಿಸುವದಕ್ಕೆ ಹೋಗಿ ಉಪ್ಪು ಸಪ್ಪೆಯಾಯಿತು ಎನ್ನುತ್ತಾರೆ. ಅವರು ತಮ್ಮ ಮನೆಯಲ್ಲಿ ಕುಟುಂಬ ಪ್ರಾರ್ಥನೆಯು ವಾರದಲ್ಲಿ ಎಷ್ಟು ದಿನ ನಡೆಯುತ್ತದೆಂದು ಮೊದಲು ಲೆಕ್ಕ ಮಾಡಲಿ. ಮನೆಯಲ್ಲಿ ಬೇಯದ ಅನ್ನವನ್ನು ಶಾಲೆಯಲ್ಲಿ ಬಡಿಸುವದು ಕಷ್ಟ. ಬೇರೆ ಮತದ ಪೋಷಕರಲ್ಲಿ ಕೆಲವರು ಬಾಯಿಬಿಟ್ಟು ಹೇಳದಿದ್ದರೂ ಒಂದು ಅಂಜಿಕೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಗಳನ್ನು ಕಳುಹಿಸುತ್ತಾರೆ. ಅವರಿಗೆ ಇದ್ದದ್ದನ್ನು ಇದ್ದಂತೆ ಹೇಳುವೆನು. ಈ ಶಾಲೆಯನ್ನು ಕ್ರಿಸ್ತನ ಹೆಸರಿನಲ್ಲಿ ಕಟ್ಟಿದರು, ಆ ಹೆಸರನ್ನು ನಾವು ಮರೆಮಾಡುವದಿಲ್ಲ. ಬೆಳಗಿನ ಪ್ರಾರ್ಥನೆಯು ಇದ್ದೇ ಇರುವದು. ಸತ್ಯವೇದದ ತರಗತಿಗೆ ಕ್ರೈಸ್ತ ಮಕ್ಕಳು ಹೋಗುತ್ತಾರೆ. ಉಳಿದವರಿಗೆ ಅದೇ ಹೊತ್ತಿನಲ್ಲಿ ನೀತಿಪಾಠವಿದೆ, ಅದರ ಪುಸ್ತಕವನ್ನು ತಾವು ತರಿಸಿ ಓದಬಹುದು. ತಮ್ಮ ಮಗಳು ಬೆಳಗಿನ ಪ್ರಾರ್ಥನೆಯಲ್ಲಿ ಸೇರುವದು ತಮಗೆ ಸಮ್ಮತವೋ ಅಲ್ಲವೋ ಎಂಬ ಪ್ರಶ್ನೆಯು ಪ್ರವೇಶಪತ್ರದ ಕೊನೆಯ ಪುಟದಲ್ಲಿದೆ. ಬಹುಮಂದಿ ಅದನ್ನು ಓದದೆ ಸಹಿ ಹಾಕುತ್ತಾರೆ. ಬರುವ ವರುಷದ ಪ್ರವೇಶದ ಸಮಯದಲ್ಲಿ ದಯವಿಟ್ಟು ಓದಿ ಸಹಿ ಹಾಕಿರಿ. 'ಇಲ್ಲ' ಎಂದು ಬರೆದವರ ಮಕ್ಕಳು ಆ ಹದಿನೈದು ನಿಮಿಷ ವಾಚನಾಲಯದಲ್ಲಿ ಕೂಡುತ್ತಾರೆ. ಅಲ್ಲಿ ಅವರೊಂದಿಗೆ ಒಬ್ಬ ಉಪಾಧ್ಯಾಯಿನಿಯೂ ಇರುತ್ತಾಳೆ. ಆ ಕೆಲಸವನ್ನು ಸರದಿಯಂತೆ ಎಲ್ಲರೂ ಮಾಡುತ್ತೇವೆ, ಸೋಮವಾರದ ಸರದಿಯು ನನ್ನದು.